ದೇವಾನಾಂಪ್ರಿಯ ಅಶೋಕ: ಅರಸನ ಮತ, ರಾಜ್ಯದ ಧರ್ಮ



ಧರ್ಮಕ್ಕೂ ರಾಜ್ಯಾಡಳಿತಕ್ಕೂ ಎಂಥ ಸಂಬಂಧವಿರಬೇಕು ಎಂಬ ಪ್ರಶ್ನೆ ಚುನಾವಣೆ ಬಂದಾಗಲೆಲ್ಲ ಊರ ಕಟ್ಟೆಯ ಮೇಲೆ ಏಳುತ್ತದೆ. ಗದ್ದುಗೆಯ ಮೇಲೆ ಕುಳಿತವನು ತನ್ನ ಪೂಜೆ ಪುನಸ್ಕಾರಗಳನ್ನು ಮನೆಯಲ್ಲಿಟ್ಟು ಬರಬೇಕೆಂದು ಕೆಲವರು ವಾದಿಸುತ್ತಾರೆ. ಧರ್ಮದ ಹಂಗಿಲ್ಲದ ಆಡಳಿತ ಮೂಗುದಾರವಿಲ್ಲದ ಎತ್ತಿನಂತೆ ಎಂದು ಮತ್ತೆ ಕೆಲವರು ಹೇಳುತ್ತಾರೆ. ಎರಡು ಮಾತಿನಲ್ಲೂ ಹುರುಳಿದೆ. ಸುಮಾರು 2,250 ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ತನ್ನ ಬಾಳಿನಲ್ಲಿ ಎದುರಿಸಿದವನು ಮೌರ್ಯ ಚಕ್ರವರ್ತಿ ಅಶೋಕ. ಅವನ ಚರಿತ್ರೆಯನ್ನು ನಾವು ಇಂದು ಸ್ವಲ್ಪ ಅವಲೋಕಿಸೋಣ.

ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗನಾದ ಅಶೋಕನು ಸುಮಾರು ಕ್ರಿ.ಪೂ. 268ರಲ್ಲಿ ಪಾಟಲಿಪುತ್ರದಲ್ಲಿ ಪಟ್ಟವೇರಿದನು. ಪಟ್ಟಕ್ಕಾಗಿ ಅವನು ತೊಂಬತ್ತೊಂಬತ್ತು ಸಹೋದರರನ್ನು ಕೊಂದನೆಂದು ಸಿಂಹಳದ ಬೌದ್ಧ ಗ್ರಂಥಗಳು ಹೇಳುತ್ತವೆ. ಈ ಕಥೆಯನ್ನು ನಾವು ಪೂರ್ತಿ ನಂಬಬೇಕಾಗಿಲ್ಲ. ಪಟ್ಟವೇರಿ ಹದಿಮೂರು ವರ್ಷಗಳಾದ ಮೇಲೆಯೂ ತನ್ನ ಸಹೋದರ ಸಹೋದರಿಯರ ಮನೆಗಳ ವಿಚಾರವನ್ನು ಅವನೇ ಶಾಸನದಲ್ಲಿ ಎತ್ತಿದ್ದಾನೆ. ಮೊದಲು ಅತಿ ಕ್ರೂರಿಯೆಂದು ತೋರಿಸಿದರೆ ಆಮೇಲಿನ ಮಾರ್ಪಾಟು ಹೆಚ್ಚು ಹೊಳೆಯುತ್ತದೆಂಬುದು ಕಥೆ ಕಟ್ಟುವವರ ಹಳೆಯ ಹಂಚಿಕೆ.

ಆದರೆ ಕಳಿಂಗ ಯುದ್ಧ ಕಟ್ಟುಕಥೆಯಲ್ಲ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದಾಗ ಅವನು ಇಂದಿನ ಒಡಿಶಾ ಕರಾವಳಿಯ ಆ ರಾಜ್ಯವನ್ನು ಗೆದ್ದನು. ಒಂದೂವರೆ ಲಕ್ಷ ಜನ ಸೆರೆಸಿಕ್ಕಿ ನೆಲೆ ತಪ್ಪಿದರು, ಒಂದು ಲಕ್ಷ ಜನ ರಣದಲ್ಲಿ ಬಿದ್ದರು, ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು. ಈ ಲೆಕ್ಕವನ್ನು ಬರೆಸಿದವನು ಸೋತ ಶತ್ರುವಲ್ಲ, ಗೆದ್ದ ಅರಸನೇ. ಹಿರಿಯರನ್ನು ಗೌರವಿಸಿ ನ್ಯಾಯವಾಗಿ ಬದುಕುತ್ತಿದ್ದ ಗೃಹಸ್ಥರೂ, ಬ್ರಾಹ್ಮಣರೂ, ಶ್ರಮಣರೂ ತನ್ನಿಂದ ನೊಂದರೆಂಬ ಸಂಗತಿ ಅವನ ಎದೆಗೆ ನಾಟಿತು. ಆ ಪಶ್ಚಾತ್ತಾಪವನ್ನು ಕಲ್ಲಿನಲ್ಲಿ ಕೊರೆಸಿದನು. ಗೆದ್ದ ಅರಸರು ಜಯಸ್ತಂಭ ನಿಲ್ಲಿಸುವುದನ್ನು ನಾವು ಬಹಳ ಕಂಡಿದ್ದೇವೆ. ಗೆದ್ದದ್ದಕ್ಕೆ ಅತ್ತವನನ್ನು ಎಷ್ಟು ಕಂಡಿದ್ದೇವೆ?

ಅವನು ಬೌದ್ಧ ಉಪಾಸಕನಾದನು. ಅದೂ ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ಒಂದು ವರ್ಷ ತನ್ನಲ್ಲಿ ಅಷ್ಟಾಗಿ ಶ್ರದ್ಧೆ ಇರಲಿಲ್ಲವೆಂದೂ, ಸಂಘದ ಹತ್ತಿರ ಹೋದ ಮೇಲೆಯೇ ಗಟ್ಟಿಯಾಗಿ ಪ್ರಯತ್ನಿಸಿದೆನೆಂದೂ ಅವನು ಒಪ್ಪಿಕೊಂಡಿದ್ದಾನೆ. ಬೇಟೆಯ ಪ್ರವಾಸಗಳನ್ನು ಬಿಟ್ಟು ಧರ್ಮಯಾತ್ರೆ ಕೈಗೊಂಡನು. ಹತ್ತನೆಯ ವರ್ಷದಲ್ಲಿ ಬೋಧಗಯೆಗೆ ಹೋದನು, ಇಪ್ಪತ್ತನೆಯ ವರ್ಷದಲ್ಲಿ ಬುದ್ಧ ಹುಟ್ಟಿದ ಲುಂಬಿನಿಗೆ ಹೋಗಿ ಆ ಊರಿನ ಕರಭಾರ ಇಳಿಸಿದನು. ಅರಮನೆಯ ಅಡುಗೆಗೆ ದಿನವೂ ಲೆಕ್ಕವಿಲ್ಲದಷ್ಟು ಪ್ರಾಣಿಗಳು ಸಾಯುತ್ತಿದ್ದವು. ಅದನ್ನು ಎರಡು ನವಿಲು, ಒಂದು ಜಿಂಕೆಗೆ ತಂದು ನಿಲ್ಲಿಸಿದನು. ಜಿಂಕೆಯೂ ನಿತ್ಯವಲ್ಲ, ಮುಂದೆ ಇವೂ ನಿಲ್ಲುತ್ತವೆ ಎಂದು ಬರೆಸಿದನು. ಪೂರ್ತಿ ಬಿಟ್ಟೆನೆಂದು ಜಂಬ ಕೊಚ್ಚಿಕೊಳ್ಳಬಹುದಿತ್ತು. ಹಾಗೆ ಮಾಡದೆ ಉಳಿದ ಮೂರನ್ನೂ ಎಣಿಸಿ ಹೇಳಿದ ಈ ಪ್ರಾಮಾಣಿಕತನ ನಮಗೆ ಬಹಳ ಹಿಡಿಸಿದೆ.

ಇನ್ನು ಮುಖ್ಯ ವಿಚಾರಕ್ಕೆ ಬರೋಣ. ಇಷ್ಟು ಶ್ರದ್ಧೆಯ ಬೌದ್ಧನಾದ ಅರಸನು ತನ್ನ ಮತವನ್ನು ರಾಜ್ಯದ ಮತವನ್ನಾಗಿ ಮಾಡಿದನೇ? ಇಲ್ಲ. ಭಿಕ್ಷುಗಳಿಗೆ ಬರೆಸಿದಾಗ ಅವನು ಬೌದ್ಧನಾಗಿ ಬರೆಸಿದನು, ಅವರು ಓದಬೇಕಾದ ಧರ್ಮಗ್ರಂಥಗಳ ಹೆಸರನ್ನೂ ಸೂಚಿಸಿದನು. ಆದರೆ ಪ್ರಜೆಗಳೆಲ್ಲರಿಗೆ ಬಂಡೆಗಳ ಮೇಲೆ ಬರೆಸಿದ ಧರ್ಮಲಿಪಿಗಳಲ್ಲಿ ನಿರ್ವಾಣದ ಮಾತೇ ಇಲ್ಲ. ತಾಯಿ ತಂದೆಯರ ಸೇವೆ ಮಾಡಿರಿ, ಗುರುಗಳನ್ನು ಗೌರವಿಸಿರಿ, ಆಳುಕಾಳುಗಳನ್ನು ಕರುಣೆಯಿಂದ ಕಾಣಿರಿ, ಸತ್ಯ ನುಡಿಯಿರಿ, ಜೀವಿಗಳನ್ನು ಹಿಂಸಿಸಬೇಡಿರಿ ಎಂಬ ಅರ್ಥದ ಮಾತುಗಳಿವೆ. ಯಾವ ಮತದವನೂ ತನ್ನದೆಂದು ಒಪ್ಪಬಹುದಾದ ಮಾತುಗಳವು. ಅವನ್ನು ಪಂಡಿತರ ಸಂಸ್ಕೃತದಲ್ಲಿ ಬರೆಸದೆ ಪ್ರಾಕೃತದಲ್ಲಿ ಬರೆಸಿದನು. ವಾಯವ್ಯ ಗಡಿಯ ಕಂದಹಾರದಲ್ಲಿ ಅಲ್ಲಿಯವರಿಗಾಗಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲೂ ಬರೆಸಿದನು. ಸಂನ್ಯಾಸಿಗಳಲ್ಲಿ ಬೌದ್ಧರಿಗೆ ಪ್ರತಿಸ್ಪರ್ಧಿಗಳಾಗಿದ್ದ ಆಜೀವಿಕರಿಗೂ ಗಯೆಯ ಬಳಿಯ ಬರಾಬರ್ ಬೆಟ್ಟದಲ್ಲಿ ಗವಿಗಳನ್ನು ದಾನವಿತ್ತನು. ಕನ್ನಡಿಯಂತೆ ನುಣುಪಾಗಿ ಉಜ್ಜಿದ ಆ ಗೋಡೆಗಳು ಇಂದಿಗೂ ಹೊಳೆಯುತ್ತವೆ.

ಅವನ ಹನ್ನೆರಡನೆಯ ಬಂಡೆಗಲ್ಲು ಶಾಸನವಂತೂ ಸಾರ್ವಜನಿಕ ಜೀವನದಲ್ಲಿರುವ ಪ್ರತಿಯೊಬ್ಬರೂ ತಿಳಿಯಬೇಕಾದದ್ದು. ಅರಸನು ಎಲ್ಲ ಪಂಥಗಳನ್ನೂ ಗೌರವಿಸುತ್ತಾನೆ, ಆದರೆ ದಾನ ಕೊಡುವುದಕ್ಕಿಂತ ಪ್ರತಿ ಪಂಥದ ತಿರುಳು ಬೆಳೆಯುವುದು ದೊಡ್ಡದು ಎಂಬುದು ಅದರ ಸಾರ. ತಿರುಳು ಬೆಳೆಯಲು ಬೇಕಾದದ್ದು ನಾಲಿಗೆಯ ಹಿಡಿತ. ತನ್ನ ಪಂಥದ ಮೇಲಿನ ಮೋಹದಿಂದ ಪರರದನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆಂದೂ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕೆಂದೂ ಅಲ್ಲಿ ಹೇಳಿದೆ. ಸುಮ್ಮನೆ ಸಹಿಸಿಕೊಂಡಿರಿ ಎನ್ನುವುದಕ್ಕೂ ಕೇಳಿ ಅರಿಯಿರಿ ಎನ್ನುವುದಕ್ಕೂ ಬಹಳ ಅಂತರವಿದೆ. ಈ ಶಾಸನದ ಒಂದು ಪ್ರತಿ ನಮ್ಮ ಭೀಮಾ ತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1980ರ ದಶಕದಲ್ಲಿ ಸಿಕ್ಕಿತು. ಶಾಸನದ ಕಲ್ಲು ಅಲ್ಲಿಯ ಕಾಳಿ ವಿಗ್ರಹಕ್ಕೆ ಪೀಠವಾಗಿ ಬಹುಕಾಲ ಕುಳಿತಿತ್ತು.

ಹಾಗೆಂದು ಅಶೋಕನ ಎಲ್ಲ ನಡೆಯನ್ನೂ ನಾವು ಹೊಗಳಲಾರೆವು. ಹದಿಮೂರನೆಯ ವರ್ಷದಲ್ಲಿ ಅವನು ಧರ್ಮಮಹಾಮಾತ್ರರೆಂಬ ಅಧಿಕಾರಿಗಳನ್ನು ನೇಮಿಸಿದನು. ಸೆರೆಯಲ್ಲಿದ್ದವರ ಪೈಕಿ ಮಕ್ಕಳೊಂದಿಗರನ್ನೂ ಮುದುಕರನ್ನೂ ಕಂಡು ಬಿಡಿಸುವುದು, ಎಲ್ಲ ಪಂಥಗಳ ಹಿತ ನೋಡುವುದು ಅವರ ಕೆಲಸ. ಒಳ್ಳೆಯದೇ ಸರಿ. ಆದರೆ ಧರ್ಮಕ್ಕೊಬ್ಬ ಸರಕಾರಿ ಅಧಿಕಾರಿ ಬಂದಮೇಲೆ ಅವನ ಕೈ ಎಲ್ಲಿಗೆ ನಿಲ್ಲಬೇಕು? ಜನ ಸೇರುವ ಕೆಲವು ಬಗೆಯ ಸಂತೋಷಕೂಟಗಳನ್ನು ಅರಸನು ನಿಷೇಧಿಸಿದನು. ಮಕ್ಕಳ ಜನನಕ್ಕೆ, ಮದುವೆಗೆ, ಪ್ರಯಾಣಕ್ಕೆ ಹೆಂಗಸರು ಮಾಡುವ ಶಾಸ್ತ್ರಗಳನ್ನು ಅಲ್ಪಫಲದವೆಂದು ಹಗುರವಾಗಿ ಕಂಡನು. ನಮ್ಮ ತಾಯಂದಿರು ಆ ಬಂಡೆಯನ್ನು ಓದಿದ್ದರೆ ಚಕ್ರವರ್ತಿಯನ್ನು ಸುಮ್ಮನೆ ಬಿಡುತ್ತಿರಲಿಲ್ಲ! ಬೌದ್ಧ ಸಂಘವನ್ನು ಒಡೆಯುವ ಭಿಕ್ಷು ಭಿಕ್ಷುಣಿಯರಿಗೆ ಬಿಳಿ ಬಟ್ಟೆ ಉಡಿಸಿ ಹೊರಗೆ ಹಾಕಬೇಕೆಂದು ಸಾರನಾಥ, ಸಾಂಚಿಗಳಲ್ಲಿ ಆಜ್ಞೆ ಹೊರಡಿಸಿದನು. ಸಂಘದೊಳಗಿನ ಜಗಳವನ್ನು ಸಂಘವೇ ತೀರಿಸಿಕೊಳ್ಳಬೇಕಿತ್ತು. ಅದಕ್ಕೆ ರಾಜದಂಡ ಬಂದಾಗ ಒಳ್ಳೆಯ ಅರಸನಿರುವ ತನಕ ಚಿಂತೆಯಿಲ್ಲ, ಮುಂದಿನ ಅರಸ ಎಂಥವನೋ ಯಾರು ಬಲ್ಲರು?

ಅವನ ಧರ್ಮ ಫಲಕೊಟ್ಟದ್ದು ಬೇರೆ ಕಡೆ. ದಾರಿಬದಿಗೆ ಆಲದ ಮರ ನೆಡಿಸಿದನು, ಬಾವಿ ತೋಡಿಸಿದನು, ಮನುಷ್ಯರಿಗೂ ದನಕರುಗಳಿಗೂ ಔಷಧದ ಏರ್ಪಾಡು ಮಾಡಿದನು. ಊಟ ಮಾಡುವಾಗಲೂ ಅಂತಃಪುರದಲ್ಲಿರುವಾಗಲೂ ಪ್ರಜೆಗಳ ಕೆಲಸ ಬಂದರೆ ತನಗೆ ತಿಳಿಸಬೇಕೆಂದು ಅಪ್ಪಣೆ ಮಾಡಿದನು. ಮರಣದಂಡನೆಯನ್ನು ತೆಗೆಯಲಿಲ್ಲ, ಆದರೆ ಶಿಕ್ಷೆಗೊಳಗಾದವನ ಬಂಧುಗಳು ಅರ್ಜಿ ಹಾಕಿಕೊಳ್ಳಲೆಂದು ಮೂರು ದಿನ ಅವಧಿ ಕೊಟ್ಟನು. ಇಪ್ಪತ್ತಾರು ವರ್ಷಗಳಲ್ಲಿ ಇಪ್ಪತ್ತೈದು ಸಲ ಸೆರೆಯಾಳುಗಳನ್ನು ಬಿಡಿಸಿದನು. ಕಳಿಂಗದಲ್ಲಂತೂ ತನ್ನ ಯುದ್ಧದ ಶಾಸನವನ್ನು ಹಾಕಿಸದೆ, ಅಲ್ಲಿಯ ಅಧಿಕಾರಿಗಳು ಯಾರನ್ನೂ ಕಾರಣವಿಲ್ಲದೆ ಸೆರೆಯಲ್ಲಿಡಬಾರದೆಂಬ ಕಟ್ಟಪ್ಪಣೆಯನ್ನು ಹಾಕಿಸಿದನು. ನೊಂದ ಜನರ ಮುಂದೆ ತನ್ನ ಕಣ್ಣೀರಿಗಿಂತ ನ್ಯಾಯ ದೊಡ್ಡದೆಂದು ಅವನಿಗೆ ತೋರಿರಬೇಕು.

ಸುಮಾರು ಕ್ರಿ.ಪೂ. 232ರಲ್ಲಿ ಅವನು ತೀರಿಕೊಂಡನು. ಮುಂದೆ ಐವತ್ತು ವರ್ಷಗಳೊಳಗೆ ಮೌರ್ಯರ ರಾಜ್ಯವೇ ಅಳಿಯಿತು. ಕ್ರಮೇಣ ಬ್ರಾಹ್ಮೀ ಲಿಪಿಯನ್ನು ಓದುವವರೂ ಇಲ್ಲವಾದರು. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಅದನ್ನು ಓದಿದರೂ ದೇವಾನಾಂಪ್ರಿಯನೆಂಬ ಬಿರುದು ಸಿಕ್ಕಿತೇ ವಿನಾ ಅಶೋಕನೆಂಬ ಹೆಸರು ಕಲ್ಲಿನಲ್ಲಿ ಸಿಗಲಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಆ ಹೆಸರು ಕಂಡಿತು. 1947ರ ಜುಲೈ 22ರಂದು ಸಂವಿಧಾನ ಸಭೆ ಅವನ ಚಕ್ರವನ್ನು ರಾಷ್ಟ್ರಧ್ವಜದ ನಡುವೆ ಇಟ್ಟಿತು. 1950ರ ಜನವರಿ 26ರಂದು ಸಾರನಾಥದ ಅವನ ಸಿಂಹಗಳು ರಾಷ್ಟ್ರಲಾಂಛನವಾದವು. ಬೌದ್ಧ ಅರಸನ ಆ ಸಿಂಹಗಳ ಕೆಳಗೆ ಬರೆದಿರುವುದು ಮುಂಡಕೋಪನಿಷತ್ತಿನ ಮಾತು.

ಕೊಪ್ಪಳದ ಗವಿಮಠದ ಜಾತ್ರೆಗೆ ಜನವರಿಯಲ್ಲಿ ಹೋಗುವ ಭಕ್ತರು ಗವಿಸಿದ್ಧೇಶ್ವರನ ದರ್ಶನವಾದ ಮೇಲೆ ಬೆಟ್ಟದ ಬಂಡೆಯನ್ನೂ ನೋಡಿ ಬರಬೇಕು. ಅಲ್ಲಿಯೂ ಅಶೋಕನ ಶಾಸನವಿದೆ. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಸ್ವರ್ಗವನ್ನು ಪಡೆಯಬಲ್ಲನೆಂದು ಅರಸನು ಅದರಲ್ಲಿ ಬರೆಸಿದ್ದಾನೆ.