ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್

ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ (ಜನವರಿ 15, 1929 – ಏಪ್ರಿಲ್ 4, 1968) ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಪ್ರಮುಖ ನಾಯಕರು. ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಜನಿಸಿದ ಇವರು ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದರು.

ಬಸ್ಸುಗಳಲ್ಲಿನ ವರ್ಣಭೇದವನ್ನು ವಿರೋಧಿಸಿ ಮಾಂಟ್ಗೊಮೆರಿ ನಗರದ ಕಪ್ಪು ಜನರು 1955ರ ಡಿಸೆಂಬರ್‌ನಲ್ಲಿ ಆರಂಭಿಸಿದ ಬಹಿಷ್ಕಾರಕ್ಕೆ ಕಿಂಗ್ ನೇತೃತ್ವ ವಹಿಸಿದರು. 381 ದಿನಗಳ ಕಾಲ ಜನರು ಕಾಲ್ನಡಿಗೆಯಲ್ಲಿಯೂ ಒಬ್ಬರಿಗೊಬ್ಬರು ಒದಗಿಸಿದ ಕಾರುಗಳಲ್ಲಿಯೂ ಕೆಲಸಕ್ಕೆ ಹೋಗಿಬಂದರು. ಗಾಂಧೀಜಿಯವರ ಅಹಿಂಸಾ ಮಾರ್ಗದಿಂದ ಪ್ರಭಾವಿತರಾಗಿದ್ದ ಕಿಂಗ್ 1959ರಲ್ಲಿ ಭಾರತಕ್ಕೆ ಭೇಟಿ ನೀಡಿದರು. 1964ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಾಗ, ಅದರೊಂದಿಗೆ ಬಂದ ಸುಮಾರು 54,000 ಡಾಲರ್ ಹಣವನ್ನು ಚಳವಳಿಗೆ ನೀಡಿದರು. ಮುಷ್ಕರನಿರತ ಪೌರಕಾರ್ಮಿಕರನ್ನು ಬೆಂಬಲಿಸಲು ಮೆಂಫಿಸ್‌ಗೆ ತೆರಳಿದ್ದಾಗ ಗುಂಡೇಟಿಗೆ ಬಲಿಯಾದರು.

ಸ್ಮರಣೆ

ಜನವರಿಯ ಮೂರನೆಯ ಸೋಮವಾರವು 1986ರಿಂದ ಅಮೆರಿಕದಲ್ಲಿ ಇವರ ಹೆಸರಿನ ರಾಷ್ಟ್ರೀಯ ರಜಾದಿನವಾಗಿದೆ. 1994ರಲ್ಲಿ ಅಮೆರಿಕದ ಸಂಸತ್ತು ಕಾಯಿದೆಯೊಂದರ ಮೂಲಕ ಇದನ್ನು ಸೇವೆಯ ದಿನವನ್ನಾಗಿಯೂ ರೂಪಿಸಿತು. ಅಂದು ಸ್ವಯಂಸೇವಕರು ಶಾಲೆಗಳಿಗೆ ಬಣ್ಣ ಬಳಿಯುತ್ತಾರೆ, ಬಡವರಿಗಾಗಿ ಆಹಾರ ಹಾಗೂ ಬಟ್ಟೆ ಸಂಗ್ರಹಿಸುತ್ತಾರೆ, ರಕ್ತದಾನ ಮಾಡುತ್ತಾರೆ. ಕೂಲಿಕಾರರ ಪರವಾಗಿ ನಿಂತು ಪ್ರಾಣತೆತ್ತ ನಾಯಕನ ಜನ್ಮದಿನವನ್ನು ಹೀಗೆ ವಿಶ್ರಾಂತಿಯಿಂದಲ್ಲ, ದುಡಿಮೆಯಿಂದ ಆಚರಿಸಲಾಗುತ್ತದೆ.