ಕಾನ್ರಾಡ್ ಹಾಲ್ ವ್ಯಾಡಿಂಗ್ಟನ್

1905ನೆಯ ಇಸವಿ ನವೆಂಬರ್ 8ರಂದು ಇಂಗ್ಲೆಂಡಿನ ಈವ್‌ಷಮ್ ಎಂಬ ಊರಿನಲ್ಲಿ ವ್ಯಾಡಿಂಗ್ಟನ್ನರು ಜನಿಸಿದರು. ತಂದೆಯವರಿಗೆ ದಕ್ಷಿಣ ಭಾರತದ ವಯನಾಡಿನ ಚಹದ ತೋಟದಲ್ಲಿ ಕೆಲಸ. ಆದುದರಿಂದ ಶೈಶವದ ಬಹುಭಾಗವನ್ನು ಅವರು ಕೊಡಗಿಗೂ ಮೈಸೂರು ಸೀಮೆಗೂ ಅಂಟಿಕೊಂಡಿರುವ ಆ ಬೆಟ್ಟನಾಡಿನಲ್ಲಿಯೇ ಕಳೆದರು. ನಾಲ್ಕನೆಯ ವಯಸ್ಸಿನಲ್ಲಿ ಅವರನ್ನು ಇಂಗ್ಲೆಂಡಿನ ಬಂಧುಗಳ ಮನೆಗೆ ಕಳುಹಿಸಲಾಯಿತು. ತಂದೆತಾಯಿಗಳು 1928ರವರೆಗೂ ಭಾರತದಲ್ಲಿಯೇ ಉಳಿದರು. ಹೀಗೆ ಹೆತ್ತವರಿದ್ದೂ ಇಲ್ಲದಂತೆ ಬೆಳೆದ ಹುಡುಗನಿಗೆ ವಿಜ್ಞಾನದ ರುಚಿಯನ್ನು ಹತ್ತಿಸಿದವರು ಅವನು ಅಜ್ಜನೆಂದೇ ಕರೆಯುತ್ತಿದ್ದ ದೂರದ ಸಂಬಂಧಿಯಾದ ಔಷಧಿ ವ್ಯಾಪಾರಿಯೊಬ್ಬರು. ಕಲ್ಲುಗಳನ್ನು ಆಯ್ದು ನೋಡುವುದನ್ನೂ ರಸಾಯನಶಾಸ್ತ್ರದ ಮೊದಲ ಪಾಠಗಳನ್ನೂ ಬಾಲಕನು ಅವರಿಂದಲೇ ಕಲಿತನು.

ಕೇಂಬ್ರಿಜ್ಜಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ 1926ರಲ್ಲಿ ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾದ ತರುಣನು ಶಿಲೆಯಲ್ಲಿ ಹುದುಗಿದ ಜೀವಿಗಳನ್ನು ಬಿಟ್ಟು ಮೊಟ್ಟೆಯೊಳಗಿನ ಜೀವಕ್ಕೆ ತಿರುಗಿದನು. ಕೋಳಿಯ ಭ್ರೂಣವನ್ನು ಮೊಟ್ಟೆಯಿಂದ ಹೊರತೆಗೆದು ಗಾಜಿನ ಪಾತ್ರೆಯಲ್ಲಿ ಬೆಳೆಸುತ್ತ, ಅದರ ಒಂದು ಭಾಗವು ಇನ್ನೊಂದಕ್ಕೆ ಏನಾಗಬೇಕೆಂಬುದನ್ನು ಹೇಗೆ ತಿಳಿಸುತ್ತದೆಂದು ಪರೀಕ್ಷಿಸತೊಡಗಿದನು.

ಅವರನ್ನು ಜೀವಮಾನವಿಡೀ ಕಾಡಿದ ಪ್ರಶ್ನೆ ಇದು. ನಮ್ಮ ದೇಹವೆಲ್ಲವೂ ಒಂದೇ ಜೀವಕೋಶದಿಂದ ಒಡೆದು ಬೆಳೆದದ್ದು. ಎಲ್ಲ ಕೋಶಗಳಿಗೂ ದೊರೆತ ಪಿತ್ರಾರ್ಜಿತವು ಬಹುಮಟ್ಟಿಗೆ ಒಂದೇ. ಹಾಗಿದ್ದರೆ ಒಂದು ಕೋಶವು ಕಣ್ಣಾಗಿಯೂ ಮತ್ತೊಂದು ಚರ್ಮವಾಗಿಯೂ ಪರಿಣಮಿಸುವುದು ಹೇಗೆ? ವಂಶವಾಹಿಗಳನ್ನು ಎಣಿಸುವವರು ಒಂದೆಡೆ, ಭ್ರೂಣವನ್ನು ನೋಡುವವರು ಮತ್ತೊಂದೆಡೆ. ಪರಸ್ಪರ ಮಾತು ಕಡಿಮೆ. ಇವೆರಡನ್ನೂ ಬೆಸೆಯುವ ಶಾಸ್ತ್ರಕ್ಕೆ 1942ರಲ್ಲಿ ವ್ಯಾಡಿಂಗ್ಟನ್ನರು ಎಪಿಜೆನೆಟಿಕ್ಸ್ ಎಂದು ಹೆಸರಿಟ್ಟರು. ಡಿ.ಎನ್.ಎ.ಯ ರಚನೆ ತಿಳಿದುಬಂದದ್ದು 1953ರಲ್ಲಿ ಎಂಬುದನ್ನು ನೆನೆದರೆ ಆ ಧೈರ್ಯದ ಬೆಲೆ ಅರಿವಾದೀತು.

ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆಗೆ ಸಲಹೆಗಾರರಾಗಿದ್ದು, 1947ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ನಡೆಸಿದ ನೊಣಗಳ ಪ್ರಯೋಗ ಬಹಳ ಪ್ರಸಿದ್ಧವಾದದ್ದು. ಹಣ್ಣಿನ ನೊಣವು ಕೋಶಾವಸ್ಥೆಯಲ್ಲಿದ್ದಾಗ ಅದನ್ನು 40 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ 4 ಗಂಟೆ ಇಟ್ಟರೆ ಕೆಲವು ನೊಣಗಳ ರೆಕ್ಕೆಯಲ್ಲಿ ಒಂದು ಅಡ್ಡನರವು ಮೂಡುವುದಿಲ್ಲ. ಅಂಥವನ್ನೇ ಆರಿಸಿ ತಳಿ ಬೆಳೆಸುತ್ತ ಹೋದರು. ಹತ್ತಕ್ಕೂ ಮಿಕ್ಕ ತಲೆಮಾರುಗಳು ಕಳೆಯುವ ವೇಳೆಗೆ, ಶಾಖವನ್ನೇ ಕಾಣದ ಕೆಲವು ನೊಣಗಳೂ ಅಡ್ಡನರವಿಲ್ಲದೆ ಹುಟ್ಟಿದವು! ಗಳಿಸಿದ ಗುಣವು ನೇರವಾಗಿ ಸಂತಾನಕ್ಕೆ ಇಳಿಯುತ್ತದೆಂಬ ಹಳೆಯ ವಾದವನ್ನು ಇವರು ಮತ್ತೆ ಎತ್ತಿದರೆಂದು ಕೆಲವರು ಶಂಕಿಸಿದರು. ವ್ಯಾಡಿಂಗ್ಟನ್ನರ ವಿವರಣೆ ಬೇರೆ: ತಳಿಯಲ್ಲಿ ಮೊದಲೇ ಅಡಗಿದ್ದ ಭೇದಗಳನ್ನು ಶಾಖವು ಬಯಲಿಗೆಳೆಯಿತು, ಆಯ್ಕೆಯು ಅವನ್ನು ಒಟ್ಟುಗೂಡಿಸಿತು.

1957ರಲ್ಲಿ ಅವರು ಪ್ರಕಟಿಸಿದ ಚಿತ್ರವೊಂದುಂಟು. ಇಳಿಜಾರಾದ ಗುಡ್ಡ, ಅದರ ನೆತ್ತಿಯಲ್ಲಿ ಒಂದು ಗುಂಡು, ಕೆಳಗೆ ಕವಲೊಡೆಯುತ್ತ ಹೋಗುವ ಕಣಿವೆಗಳು. ಮುಂಬಯಿಯಿಂದ ಪುಣೆಗೆ ಹೋಗುವಾಗ ಖಂಡಾಲಾ ಘಾಟಿಯಲ್ಲಿ ಮಳೆನೀರು ಬೇರೆ ಬೇರೆ ಕೊರಕಲುಗಳನ್ನು ಹಿಡಿದು ಇಳಿಯುವುದನ್ನು ನೀವು ಕಂಡಿರಬಹುದು. ಒಂದು ಕೊರಕಲಿಗೆ ಬಿದ್ದ ನೀರು ನಡುದಾರಿಯಲ್ಲಿ ದಿಣ್ಣೆ ಹತ್ತಿ ಪಕ್ಕದ ಕೊರಕಲಿಗೆ ಹೋಗಲಾರದು. ಜೀವಕೋಶದ ಪಯಣವೂ ಹಾಗೆಯೇ. ಇನ್ನೊಂದು ಚಿತ್ರದಲ್ಲಿ ಅದೇ ಗುಡ್ಡವನ್ನು ಅಡಿಯಿಂದ ತೋರಿಸಿದರು: ನೆಲದಲ್ಲಿ ನೆಟ್ಟ ಗೂಟಗಳೇ ವಂಶವಾಹಿಗಳು, ಅವುಗಳಿಂದ ಹೊರಟ ಹಗ್ಗಗಳು ಮೇಲಿನ ನೆಲವನ್ನು ಜಗ್ಗಿ ಕಣಿವೆಗಳಿಗೆ ಆಕಾರ ಕೊಡುತ್ತಿವೆ. ಯಾವ ಒಂದು ಗೂಟವೂ ಒಂಟಿಯಾಗಿ ಒಂದು ಕಣಿವೆಯನ್ನು ಮಾಡುವುದಿಲ್ಲ.

ಆ ಹಗ್ಗಗಳು ನಿಜವಾಗಿ ಏನು? ಅದಕ್ಕೆ ಉತ್ತರ ದೊರೆಯುವ ಮೊದಲೇ, 1975ರ ಸೆಪ್ಟೆಂಬರ್ 26ರಂದು ವ್ಯಾಡಿಂಗ್ಟನ್ನರು ಎಡಿನ್‌ಬರೋದಲ್ಲಿ ತೀರಿಕೊಂಡರು. ಅದೇ ವರ್ಷ, ಡಿ.ಎನ್.ಎ.ಗೆ ಅಂಟಿಕೊಳ್ಳುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ವಂಶವಾಹಿಗಳನ್ನು ಅಡಗಿಸಿಡಬಲ್ಲವೆಂದೂ, ಕೋಶವು ಒಡೆದಾಗ ಮರಿಕೋಶಕ್ಕೂ ಸಾಗಬಲ್ಲವೆಂದೂ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಬೇರೆ ಬೇರೆಯಾಗಿ ಸೂಚಿಸಲಾಯಿತು. ಡಿ.ಎನ್.ಎ. ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೂ ಇಂಥ ಗುರುತುಗಳಿವೆ. ಎಪಿಜೆನೆಟಿಕ್ಸ್ ಎಂಬ ಮಾತು ಇಂದು ಹೆಚ್ಚಾಗಿ ಈ ಗುರುತುಗಳಿಗೇ ಸಲ್ಲುತ್ತದೆ. ಹೆಸರಿಟ್ಟವರ ಅರ್ಥ ಇದಕ್ಕಿಂತ ಹಿರಿದಾಗಿತ್ತು.

ಮಾನವನ ಸುಮಾರು 300 ಕೋಟಿ ಅಕ್ಷರಗಳ ಡಿ.ಎನ್.ಎ. ಬರಹದ ಬಹುಭಾಗವನ್ನು 2003ರ ವೇಳೆಗೆ ಓದಲಾಯಿತು. ಅದು ಎಲ್ಲ ಅಂಗಗಳಿಗೂ ಒಂದೇ ಪುಸ್ತಕ. ಆದರೆ ಗುರುತುಗಳು ಯಕೃತ್ತಿನಲ್ಲಿ ಒಂದು ಬಗೆ, ಮಿದುಳಿನಲ್ಲಿ ಇನ್ನೊಂದು ಬಗೆ. ಆದುದರಿಂದ ಅವುಗಳ ನಕ್ಷೆಯನ್ನು ಒಂದೊಂದು ಜಾತಿಯ ಕೋಶಕ್ಕೂ ಬೇರೆಯಾಗಿ ಬರೆಯಬೇಕಾಯಿತು. 2008ರಲ್ಲಿ ಅಮೆರಿಕದಲ್ಲಿ ಆರಂಭವಾದ ಯೋಜನೆಯೊಂದು 2015ರಲ್ಲಿ ಅಂತಹ 111 ನಕ್ಷೆಗಳನ್ನು ವಿಶ್ಲೇಷಿಸಿ ಪ್ರಕಟಿಸಿತು. ಅರ್ಬುದರೋಗದ ಕೋಶಗಳಲ್ಲಿ ಗುರುತುಗಳು ಎಲ್ಲೆಲ್ಲಿ ಕೆಟ್ಟಿವೆಯೆಂದು ತಿಳಿಯಲು ವೈದ್ಯವಿಜ್ಞಾನಿಗಳು ಆರೋಗ್ಯವಂತ ಕೋಶಗಳ ನಕ್ಷೆಗಳನ್ನು ಪಕ್ಕದಲ್ಲಿರಿಸಿ ಹೋಲಿಸುತ್ತಾರೆ.

ಈ ಶಾಸ್ತ್ರದ ಲೇಖನಗಳಲ್ಲಿ ವ್ಯಾಡಿಂಗ್ಟನ್ನರ ಗುಡ್ಡವನ್ನೂ ಗುಂಡನ್ನೂ ಇಂದಿಗೂ ಅಚ್ಚುಹಾಕುತ್ತಾರೆ. ಅಡಿಯ ಹಗ್ಗಗೂಟಗಳ ಚಿತ್ರ ಮಾತ್ರ ಅಷ್ಟಾಗಿ ಕಾಣಸಿಗುವುದಿಲ್ಲ.