ಸೋತ ಆಟವನ್ನು ಉಳಿಸುವ ದಾರಿ ತೋರಿಸಿದ ರಿಚರ್ಡ್ ರೇಟಿ

ಚದುರಂಗದ ಬೋರ್ಡಿನ ಮೇಲೆ ನಾಲ್ಕೇ ಕಾಯಿಗಳು. ಬಿಳಿ ರಾಜ ಎಚ್8ರಲ್ಲಿ, ಬಿಳಿ ಪದಾತಿ ಸಿ6ರಲ್ಲಿ. ಕಪ್ಪು ರಾಜ ಎ6ರಲ್ಲಿ, ಕಪ್ಪು ಪದಾತಿ ಎಚ್5ರಲ್ಲಿ. ಬಿಳಿಯ ಸರದಿ. ಬಿಳಿ ಆಟವನ್ನು ಡ್ರಾ ಮಾಡಿಕೊಳ್ಳಬೇಕು. 1921ರಲ್ಲಿ ಪ್ರಕಟವಾದ ಈ ಪುಟ್ಟ ಒಗಟನ್ನು ಚದುರಂಗ ಕಲಿಯುವವರಿಗೆ ಇಂದಿಗೂ ಹೇಳಿಕೊಡಲಾಗುತ್ತದೆ. ಇದನ್ನು ರಚಿಸಿದವರು ರಿಚರ್ಡ್ ರೇಟಿ.

ರೇಟಿ ಹುಟ್ಟಿದ್ದು 1889ರ ಮೇ 28ರಂದು, ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಪೆಜಿನೋಕ್‌ನಲ್ಲಿ. ಆ ಊರು ಈಗ ಸ್ಲೊವಾಕಿಯಾ ದೇಶದಲ್ಲಿದೆ. ತಂದೆ ಸೇನೆಯಲ್ಲಿ ವೈದ್ಯರಾಗಿದ್ದರು. ಅಣ್ಣ ರುಡಾಲ್ಫ್ ಸಂಗೀತಗಾರರಾಗಿ ಹೆಸರು ಮಾಡಿದರು. ರಿಚರ್ಡ್ ಗಣಿತ ಓದಲು ವಿಯೆನ್ನಾಕ್ಕೆ ಹೋದರು. ಆದರೆ ಮನಸ್ಸು ಚದುರಂಗದತ್ತ ಎಳೆಯಿತು.

ಆರಂಭ ಮಾತ್ರ ಕಹಿಯಾಗಿತ್ತು. 1908ರ ವಿಯೆನ್ನಾ ಟೂರ್ನಿಯಲ್ಲಿ 20 ಮಂದಿ ಆಟಗಾರರಿದ್ದರು. ರೇಟಿ ಒಂದೂ ಆಟ ಗೆಲ್ಲದೆ ಕಟ್ಟಕಡೆಯ ಸ್ಥಾನಕ್ಕೆ ಇಳಿದರು. ಬೇರೆಯವರಾಗಿದ್ದರೆ ಬೋರ್ಡು ಮಡಚಿಟ್ಟು ಗಣಿತಕ್ಕೆ ಮರಳುತ್ತಿದ್ದರೇನೋ. ರೇಟಿ ಬಿಡಲಿಲ್ಲ. ಮೊದಲನೇ ಮಹಾಯುದ್ಧ ಮುಗಿದ ಬಳಿಕ, 1920ರಲ್ಲಿ ಸ್ವೀಡನ್‌ನ ಗೋಥೆನ್‌ಬರ್ಗ್ ಟೂರ್ನಿಯಲ್ಲಿ ಮೊದಲ ಸ್ಥಾನ ಪಡೆದರು. ಮರುವರ್ಷ ಬಂದದ್ದೇ ಈ ನಾಲ್ಕು ಕಾಯಿಗಳ ಒಗಟು.

ಮುಂದೆ ತಡೆಯಲು ಎದುರಾಳಿಯ ಪದಾತಿ ಇಲ್ಲದೆ ನೇರವಾಗಿ ಕೊನೆಯ ಮನೆಯತ್ತ ಓಡಬಲ್ಲ ಪದಾತಿಗೆ ಪಾಸ್ಡ್ ಪಾನ್ ಎನ್ನುತ್ತಾರೆ. ಕೊನೆಯ ಮನೆ ಮುಟ್ಟಿದರೆ ಅದು ರಾಣಿಯಾಗುತ್ತದೆ. ಈ ಒಗಟಿನಲ್ಲಿ ಎರಡೂ ಕಡೆ ಇರುವುದು ಅಂಥ ಪದಾತಿಯೇ. ಬಿಳಿ ರಾಜ ಕಪ್ಪು ಪದಾತಿಯ ಬೆನ್ನು ಹತ್ತಿದರೆ ಎರಡು ಹೆಜ್ಜೆ ಹಿಂದೆ ಬೀಳುತ್ತಾನೆ. ತನ್ನ ಪದಾತಿಯನ್ನು ಕಾಯೋಣವೆಂದರೆ ಅದು ಬಲು ದೂರ. ಕಪ್ಪು ರಾಜನಿಗೆ ಅದು ಎರಡೇ ಹೆಜ್ಜೆ. ಮೊದಲ ನೋಟಕ್ಕೆ ಆಟ ಮುಗಿದಂತೆಯೇ.

ರೇಟಿಯವರ ಉತ್ತರ ಸರಳ. ರಾಜ ಕರ್ಣರೇಖೆಯಲ್ಲಿ ಓರೆಯಾಗಿ ನಡೆಯಬೇಕು. ಜಿ7, ಆಮೇಲೆ ಎಫ್6. ಅಷ್ಟರಲ್ಲಿ ಕಪ್ಪು ಪದಾತಿ ಎಚ್4ಕ್ಕೆ ಬಂದಿರುತ್ತದೆ. ಕಪ್ಪು ರಾಜ ಬಿ6ಕ್ಕೆ ಬಂದರೆ ಬಿಳಿ ರಾಜ ಇ5ಕ್ಕೆ ಹೋಗುತ್ತಾನೆ. ಈಗ ಕಪ್ಪು ರಾಜ ಬಿಳಿ ಪದಾತಿಯನ್ನು ಹೊಡೆದರೆ, ಬಿಳಿ ರಾಜ ಎಫ್4ಕ್ಕೆ ತಿರುಗಿ ಕಪ್ಪು ಪದಾತಿಯನ್ನು ಹಿಡಿಯುತ್ತಾನೆ. ಹೊಡೆಯದೆ ಪದಾತಿಯನ್ನು ಮುಂದೆ ಓಡಿಸಿದರೆ, ಡಿ6ಕ್ಕೆ ಬಂದು ತನ್ನ ಪದಾತಿಗೆ ಆಸರೆಯಾಗುತ್ತಾನೆ. ಆಗ ಎರಡೂ ಕಡೆ ರಾಣಿ ಬರುತ್ತದೆ. ಹೇಗಾದರೂ ಆಟ ಡ್ರಾ. ಓರೆಯಾಗಿ ನಡೆದರೂ ರಾಜನಿಗೆ ಬೇಕಾಗುವ ನಡೆಗಳು ನೇರವಾಗಿ ನಡೆದಷ್ಟೇ. ಆದರೆ ಒಂದೊಂದು ಹೆಜ್ಜೆಯೂ ಎರಡು ಗುರಿಗಳತ್ತ ಸಾಗುತ್ತದೆ. ಒಗಟಿನ ಗುಟ್ಟು ಇಷ್ಟೇ.

ಆಟಗಾರರಾಗಿಯೂ ರೇಟಿ ಹಳೆಯ ದಾರಿ ಬಿಟ್ಟವರು. ಬೋರ್ಡಿನ ನಡುವಿನ ಮನೆಗಳನ್ನು ಪದಾತಿಗಳಿಂದ ತುಂಬದೆ ದೂರದಿಂದಲೇ ಹಿಡಿತಕ್ಕೆ ತರಬಹುದೆಂದು ತೋರಿಸಿದವರಲ್ಲಿ ಅವರು ಪ್ರಮುಖರು. ಕುದುರೆಯನ್ನು ಮೊದಲು ಹೊರತರುವ ಆರಂಭವೊಂದಕ್ಕೆ ಅವರ ಹೆಸರೇ ಇದೆ. 1924ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರು ವಿಶ್ವ ಚಾಂಪಿಯನ್ ಕಪಾಬ್ಲಾಂಕಾರನ್ನು ಸೋಲಿಸಿದರು. ಕಪಾಬ್ಲಾಂಕಾ ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಂದೂ ಆಟ ಸೋತಿರಲಿಲ್ಲ. 1925ರಲ್ಲಿ ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ, ಬೋರ್ಡು ನೋಡದೆ ಏಕಕಾಲಕ್ಕೆ 29 ಮಂದಿಯ ವಿರುದ್ಧ ಆಡಿ ಆಗಿನ ವಿಶ್ವದಾಖಲೆ ಬರೆದರು.

1929ರ ಜೂನ್ 6ರಂದು ಪ್ರಾಗ್ ನಗರದಲ್ಲಿ ಸ್ಕಾರ್ಲೆಟ್ ಜ್ವರ ಅವರನ್ನು ಬಲಿ ತೆಗೆದುಕೊಂಡಿತು. ವಯಸ್ಸು ಕೇವಲ 40. ಹಿಂದಿನ ಚದುರಂಗ ದಿಗ್ಗಜರ ಆಟವನ್ನು ವಿವರಿಸುವ ಅವರ ದೊಡ್ಡ ಪುಸ್ತಕ ಹೊರಬಂದದ್ದು ಅವರು ತೀರಿಕೊಂಡ ಮೇಲೆ.

ವಿಶ್ವ ಚಾಂಪಿಯನ್ ಪಟ್ಟ ರೇಟಿಯವರಿಗೆ ಒಲಿಯಲಿಲ್ಲ. ಆದರೆ ಸೋತೆನೆಂದು ಕೈಚೆಲ್ಲುವ ಮೊದಲು ಇನ್ನೊಮ್ಮೆ ಬೋರ್ಡು ನೋಡು ಎಂಬ ಪಾಠವನ್ನು ಅವರ ನಾಲ್ಕು ಕಾಯಿಗಳು ನೂರು ವರ್ಷ ಕಳೆದರೂ ಹೇಳಿಕೊಡುತ್ತಲೇ ಇವೆ. ಕಟ್ಟಕಡೆಯ ಸ್ಥಾನದಿಂದ ಮೇಲೆದ್ದು ಬಂದವರಿಗೆ ಆ ಪಾಠ ಚೆನ್ನಾಗಿಯೇ ಗೊತ್ತಿತ್ತು.